ಒಂಟಿ ನಳಿಗೆ ಕೋವಿಯನ್ನು ರೈಫಲ್ ಅಂತ ಬರೆದಿದ್ದೆ

ಮೂಡಿಗೆರೆಯಲ್ಲಿ ವರದಿಗಾರನಾಗಿ ಸೇರಿದ ಹೊಸತು. ತೋಟವೊಂದರಲ್ಲಿ ಕೋವಿ ಹಾರಿ ಆಳೊಬ್ಬರ ಕಾಲಿಗೆ ಪೆಟ್ಟಾಯಿತು. ಠಾಣೆಯಲ್ಲಿ ಯಾರೋ ‘ಗನ್ ಫೈರ್ ಆಗಿದೆ’ ಅಂದರು. ನಾನು ‘ರೈಫಲ್‌ನಿಂದ ಗುಂಡು, ಸ್ಥಳದಲ್ಲಿ ಬುಲೆಟ್ ಪತ್ತೆ’ ಅಂತ ಕಳಿಸಿಬಿಟ್ಟೆ.

ಮರುದಿನ ಆ ತೋಟದ ಮನೆಯ ಹುಡುಗ ಫೋನ್ ಮಾಡಿದ. ದನಿ ನಡುಗುತ್ತಿತ್ತು. ‘ಅಣ್ಣಾ, ಅದು ನಮ್ಮ ಅಜ್ಜನ ಕಾಲದ ಒಂಟಿ ನಳಿಗೆ ಕೋವಿ, ಲೈಸೆನ್ಸ್ ಇದೆ. ನೀವು ರೈಫಲ್ ಅಂದಿದ್ದಕ್ಕೆ, ಇನ್ನೊಂದು ಬಚ್ಚಿಟ್ಟಿದ್ರಾ ಅಂತ ಊರೆಲ್ಲ ಕೇಳ್ತಿದ್ದಾರೆ.’

ಆ ಮಾತು ಇವತ್ತಿಗೂ ಚುಚ್ಚುತ್ತದೆ. ತಿದ್ದುಪಡಿ ಹಾಕಿಸಿದೆ, ಆದರೆ ಮೊದಲು ಓದಿದವರೆಲ್ಲ ಅದನ್ನು ನೋಡುತ್ತಾರಾ?

ಆಮೇಲೆ ಪಕ್ಕದ ಊರಿನ ಗೌಡರೊಬ್ಬರ ಮನೆಗೆ ಹೋದೆ. ಅವರು ತಮ್ಮ ಕೋವಿಯನ್ನು ಮಡಚಿ, ಖಾಲಿ ನಳಿಗೆಯನ್ನು ಬೆಳಕಿಗೆ ಹಿಡಿದು ‘ಒಳಗೆ ನೋಡಿ’ ಅಂದರು. ಕನ್ನಡಿ ಹಾಗೆ ನುಣುಪು. ರೈಫಲ್ ಆದರೆ ಒಳಗೆ ಸುರುಳಿ ಗೀರು ಇರುತ್ತದೆ, ಅದೇ ಗುಂಡನ್ನು ತಿರುಗಿಸಿ ಕಳಿಸುವುದು. ಹಾರಿಸಿದ ತೋಟಾ, ಅಂದರೆ ಕಾರ್ಟ್ರಿಡ್ಜ್ ಒಂದನ್ನು ಕೈಗೆ ಕೊಟ್ಟರು, ಹಿತ್ತಾಳೆ ತಳದ ನಡುವೆ ಕೋವಿಯ ಸೂಜಿ ಬಡಿದ ಪುಟ್ಟ ಕುಳಿ. ನಾನು ಬುಲೆಟ್ ಅಂತ ಬರೆದಿದ್ದು ಇಂಥದ್ದೇ ಖಾಲಿ ತೋಟಾವನ್ನು. ಬುಲೆಟ್ ಅಂದರೆ ನಳಿಗೆಯಿಂದ ಹಾರಿಹೋಗುವ ಗುಂಡು ಮಾತ್ರ. ಕೋವಿಯ ಅಳತೆ 12 ಬೋರ್ ಅಂದರೆ 12 ಮಿಲಿಮೀಟರ್ ಅಂತಲೂ ನಂಬಿದ್ದೆ, ಅದೂ ತಪ್ಪು. ಒಂದು ಪೌಂಡ್ ಸೀಸವನ್ನು 12 ಸಮ ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ನಳಿಗೆಯ ತೂತು ಅಷ್ಟು, ಸುಮಾರು 18.5 ಮಿಲಿಮೀಟರ್.

ಈಗ ಪೊಲೀಸರು ಸ್ಥಳದಲ್ಲಿ ಬರೆದ ಮಹಜರು ನೋಡದೆ ಕೋವಿಯ ಜಾತಿ ಬರೆಯುವುದಿಲ್ಲ. ಅದರಲ್ಲಿ ಎಸ್‌ಬಿಬಿಎಲ್ ಅಂತಿದ್ದರೆ ಹಿಂದಿನಿಂದ ತೋಟಾ ಹಾಕುವ ಒಂಟಿ ನಳಿಗೆ. ಎಸ್‌ಬಿಎಂಎಲ್ ಅಂತಿದ್ದರೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ. ಒಂದೇ ಅಕ್ಷರ, ಆದರೆ ಬೇರೆಯೇ ಕೋವಿ. ಮದ್ದು ತುಂಬುವ ಕೋವಿ ಅಂದ ಮಾತ್ರಕ್ಕೆ ಅಕ್ರಮ ಅಂತಲೂ ಅಲ್ಲ, ಅದಕ್ಕೂ ಲೈಸೆನ್ಸ್ ಇರುತ್ತದೆ, ಕೇಳಿಯೇ ಬರೆಯಬೇಕು. ಮಹಜರು ಸಿಗದಿದ್ದರೆ ‘ಕೋವಿ’ ಅಂತಷ್ಟೇ ಬರೆದು ನಿಲ್ಲಿಸುತ್ತೇನೆ. ಎಕೆ-47 ಹಳೇ ಫೋಟೊ ಹಾಕಬೇಡಿ ಅಂತ ಡೆಸ್ಕ್‌ಗೆ ಪ್ರತಿ ಸಲವೂ ಹೇಳುತ್ತೇನೆ.

ಎಸ್‌ಬಿಬಿಎಲ್ ಅಂದರೆ ಓದುವವರಿಗೆ ಗೊತ್ತಾಗುತ್ತಾ ಅಂತ ಮೊನ್ನೆ ಡೆಸ್ಕ್‌ನವರು ಕೇಳಿದರು. ‘ಒಂಟಿ ನಳಿಗೆಯ ತೋಟಾ ಕೋವಿ ಅಂತ ಹಾಕಿ ಸಾರ್, ಇಲ್ಲಿ ಕಾಫಿ ಕೊಯ್ಯುವವರಿಗೂ ಗೊತ್ತು’ ಅಂದೆ.