ಮ್ಯಾಗ್ನೀಷಿಯಂ ಇಂಜೆಕ್ಷನ್ ಬಿಪಿಗಲ್ಲ, ಮೆದುಳಿಗೆ

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ತುಂಬಾ ನೆಚ್ಚಿಕೊಂಡಿರುವ ಔಷಧಿ ಮ್ಯಾಗ್ನೀಷಿಯಂ ಸಲ್ಫೇಟ್. ಬಸುರಿಯ ಬಿಪಿ 160/110 ದಾಟಿ, ಜೊತೆಗೆ ತಲೆ ಸಿಡಿತ, ಕಣ್ಣು ಮಂಜು ಅಂದರೆ ಫಿಟ್ಸ್ ಬರೋ ತನಕ ಕಾಯೋದಿಲ್ಲ, ಶುರು ಮಾಡಿಬಿಡುತ್ತೇನೆ. "ಬಿಪಿ ಇಳಿಸೋ ಇಂಜೆಕ್ಷನ್ನಾ?" ಅಂತ ಮನೆಯವರು ಕೇಳುತ್ತಾರೆ. ಅಲ್ಲ. ಬಿಪಿಗೆ ಲೆಬೆಟಲಾಲ್, ನಿಫೆಡಿಪಿನ್ ಬೇರೆ ಇವೆ. ಇದು ಮೆದುಳನ್ನು ಕಾಯೋಕೆ.

ರಕ್ತನಾಳದ ಗೋಡೆಯಲ್ಲಿರುವ ಸ್ನಾಯು ಬಿಗಿಯಾಗಬೇಕಾದರೆ ಕ್ಯಾಲ್ಸಿಯಂ ಅದರ ಜೀವಕೋಶದೊಳಗೆ ಹೋಗಬೇಕು. ಮ್ಯಾಗ್ನೀಷಿಯಂ ಅದಕ್ಕೆ ಅಡ್ಡ ನಿಲ್ಲುತ್ತದೆ, ನಾಳ ಸಡಿಲವಾಗುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಇಂಜೆಕ್ಷನ್ ಇನ್ನೂ ಹೋಗ್ತಿರುವಾಗಲೇ ಮುಖ ಕೆಂಪಾಗಿ, ಬೆವೆತು, "ಮೈಯೆಲ್ಲ ಉರೀತಿದೆ ಡಾಕ್ಟ್ರೇ" ಅಂತಾರೆ. ಅದಕ್ಕೇ ಮೊದಲೇ "ಮೈ ಬಿಸಿಯಾಗುತ್ತೆ ಕಣಮ್ಮ, ಹೆದರ್ಬೇಡ" ಅಂದಿರುತ್ತೇನೆ.

ಆದರೆ ಫಿಟ್ಸ್ ತಡೆಯೋಕೆ ನಾಳ ಸಡಿಲ ಮಾಡೋದೊಂದೇ ಸಾಕಾಗಿದ್ದರೆ, ಮೆದುಳಿನ ನಾಳಗಳನ್ನೇ ಹಿಗ್ಗಿಸುವ ನಿಮೋಡಿಪಿನ್ ಇದಕ್ಕಿಂತ ಮೇಲಾಗಬೇಕಿತ್ತು ಅಲ್ವಾ? ಆಗಲಿಲ್ಲ. 2003ರಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ನಿಮೋಡಿಪಿನ್ ಪಡೆದವರಲ್ಲಿ ಶೇ. 2.6 ಮಂದಿಗೆ ಫಿಟ್ಸ್ ಬಂತು, ಮ್ಯಾಗ್ನೀಷಿಯಂ ಪಡೆದವರಲ್ಲಿ ಶೇ. 0.8 ಮಾತ್ರ. ಮ್ಯಾಗ್ನೀಷಿಯಂ ನರಕೋಶಗಳ ಉದ್ರೇಕವನ್ನೂ ತಗ್ಗಿಸುತ್ತದೆ, ನಾಳದಿಂದ ಮೆದುಳಿಗೆ ನೀರು ಸೋರೋದನ್ನೂ ಕಡಿಮೆ ಮಾಡುತ್ತದೆ ಅನ್ನೋದಕ್ಕೆ ಆಧಾರಗಳಿವೆ. ಬರೀ ಹಿಗ್ಗಿಸಿದರೆ ಸಾಲದು.

ನಾನು ಕೊಡೋದು ಹೀಗೆ. 2 ಮಿಲೀ ಆಂಪೂಲ್‌ನಲ್ಲಿ 1 ಗ್ರಾಂ ಇರುತ್ತದೆ. ಅಂಥ 4 ಆಂಪೂಲ್, 12 ಮಿಲೀ ಸಲೈನ್, ಎರಡೂ ಸೇರಿ 20 ಮಿಲೀ ಸಿರಿಂಜ್ ತುಂಬುತ್ತದೆ. ಅದನ್ನು 5 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಧಾನಕ್ಕೆ ರಕ್ತನಾಳಕ್ಕೆ, ಆಮೇಲೆ ಸೊಂಟದ ಎರಡೂ ಕಡೆ ಸ್ನಾಯುವಿನೊಳಗೆ ಆಳವಾಗಿ ತಲಾ 5 ಗ್ರಾಂ. ನಂತರ 4 ಗಂಟೆಗೊಮ್ಮೆ 5 ಗ್ರಾಂ, ಹೆರಿಗೆಯಾಗಿ ಅಥವಾ ಕೊನೆಯ ಫಿಟ್ಸ್ ಬಂದು 24 ಗಂಟೆ ಆಗೋ ತನಕ.

ರಾತ್ರಿ ಹೊತ್ತು ರಕ್ತದಲ್ಲಿ ಮ್ಯಾಗ್ನೀಷಿಯಂ ಮಟ್ಟ ನೋಡೋಕೆ ನಮ್ಮಲ್ಲಿ ಲ್ಯಾಬ್ ಸಿಗೋದಿಲ್ಲ. ಮಾಮೂಲಿಯಾಗಿ ಡೆಸಿಲೀಟರಿಗೆ ಸುಮಾರು 2 ಮಿಗ್ರಾಂ ಇರೋದು, ಈ ಇಂಜೆಕ್ಷನ್ ಕೊಡುವಾಗ 5ರಿಂದ 8ರ ಒಳಗೆ ಇರಬೇಕು, ಜಾಸ್ತಿಯಾದರೆ ಅಪಾಯ. ಇದನ್ನು ಮಂಡಿಯೇ ಹೇಳುತ್ತದೆ. ಮಂಡಿಚಿಪ್ಪಿನ ಕೆಳಗೆ ಹ್ಯಾಮರಿನಿಂದ ಮೆಲ್ಲಗೆ ತಟ್ಟುತ್ತೇನೆ, ಕಾಲು ಚಿಮ್ಮಿದರೆ ಸರಿ. ಮಟ್ಟ ಏರಿದಾಗ ಮೊದಲು ನಿಲ್ಲೋದು ಈ ಚಿಮ್ಮುವಿಕೆ, ಉಸಿರಾಟಕ್ಕೆ ತೊಂದರೆ ಆಮೇಲೆ. ಪ್ರತಿ ಡೋಸಿಗೂ ಮುಂಚೆ ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ, ಮೂತ್ರದ ಚೀಲವನ್ನೂ ನೋಡುತ್ತೇನೆ, ಯಾಕಂದ್ರೆ ಇದು ಹೊರಹೋಗೋದು ಕಿಡ್ನಿಯಿಂದಲೇ. 4 ಗಂಟೆಯಲ್ಲಿ 100 ಮಿಲೀ ಮೂತ್ರ ಆಗಿರದಿದ್ದರೆ ಮುಂದಿನ ಡೋಸ್ ತಡೆಹಿಡಿಯುತ್ತೇನೆ. ಉಸಿರು ಕುಗ್ಗಿದರೆ ಕೊಡೋಕೆ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿಲೀ ಮಂಚದ ಪಕ್ಕದ ಟ್ರೇನಲ್ಲೇ ಇರಬೇಕು, ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ ಅಂತ ಹೊಸ ಸಿಸ್ಟರ್‌ಗಳಿಗೆಲ್ಲ ಹೇಳಿಟ್ಟಿದ್ದೇನೆ.