ಬ್ರೆಮೆಲನೋಟೈಡ್ ಇಂಜೆಕ್ಷನ್: ವಾಕರಿಕೆಯಿಂದ ಚರ್ಮದ ಕಲೆಯವರೆಗೆ, ಅಡ್ಡಪರಿಣಾಮ ನಿಭಾಯಿಸುವ ಬಗೆ

ಕಾಮಾಸಕ್ತಿ ಕುಗ್ಗಿದ ಮಹಿಳೆಯರಿಗೆ ಕೊಡುವ ಬ್ರೆಮೆಲನೋಟೈಡ್ ದಿನವೂ ತೆಗೆದುಕೊಳ್ಳುವ ಔಷಧವಲ್ಲ. ಬೇಕಾದ ದಿನ ಮಾತ್ರ ಹೊಟ್ಟೆಗೋ ತೊಡೆಗೋ ಚುಚ್ಚಿಕೊಳ್ಳಬೇಕು. ಅದರ ಅಡ್ಡಪರಿಣಾಮಗಳೂ ಹಾಗೆಯೇ, ಬಹುತೇಕ ಗಡಿಯಾರ ನೋಡಿಕೊಂಡು ಬಂದು ಹೋಗುತ್ತವೆ. ಯಾವುದು ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದು ತಿಳಿದಿದ್ದರೆ ಅರ್ಧ ತೊಂದರೆಯನ್ನು ಮೊದಲೇ ತಪ್ಪಿಸಬಹುದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಜೂನ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಬ್ರ್ಯಾಂಡ್ ಹೆಸರು ವೈಲೀಸಿ. ಇನ್ನೂ ಮುಟ್ಟು ನಿಲ್ಲದ, ಮೊದಲು ಸರಿಯಾಗಿದ್ದ ಆಸಕ್ತಿ ಆಮೇಲೆ ಕಳೆದುಹೋಗಿ ಅದರಿಂದ ಮನಸ್ಸಿಗೆ ಕಷ್ಟವಾಗುತ್ತಿರುವ ಮಹಿಳೆಯರಿಗೆ ಮಾತ್ರ ಈ ಒಪ್ಪಿಗೆ. ಸಂಬಂಧದಲ್ಲಿನ ಬಿರುಕು, ಖಿನ್ನತೆ, ಬೇರೆ ಕಾಯಿಲೆ ಅಥವಾ ಬೇರೆ ಮಾತ್ರೆಯಿಂದ ಆಸಕ್ತಿ ಕುಗ್ಗಿದ್ದರೆ ಇದು ಅದಕ್ಕೆ ಮದ್ದಲ್ಲ. ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯ ಅಥವಾ ರಕ್ತನಾಳದ ಕಾಯಿಲೆ ಇರುವವರು ಇದನ್ನು ತೆಗೆದುಕೊಳ್ಳಲೇಬಾರದು. ಅವರಿಗೆ ನಿಭಾಯಿಸುವ ಉಪಾಯ ಎಂಬುದೇ ಇಲ್ಲ.

ಒಂದು ಡೋಸ್ 1.75 ಮಿಲಿಗ್ರಾಂ, 0.3 ಮಿಲಿಲೀಟರ್ ದ್ರವ, ಒಮ್ಮೆ ಬಳಸಿ ಬಿಸಾಡುವ, ಪೆನ್ನಿನಂಥ ಆಟೋಇಂಜೆಕ್ಟರ್‌ನಲ್ಲಿ ಬರುತ್ತದೆ. 24 ಗಂಟೆಯಲ್ಲಿ ಒಂದಕ್ಕಿಂತ ಹೆಚ್ಚು ಡೋಸ್ ಬೇಡ. ತಿಂಗಳಿಗೆ ಎಂಟು ದಾಟಬಾರದು. ಈ ಎರಡು ಮಿತಿಗಳ ಹಿಂದೆ ಎರಡು ಬೇರೆ ಬೇರೆ ಅಡ್ಡಪರಿಣಾಮಗಳಿವೆ: ಮೊದಲನೆಯದು ಬಿಪಿ, ಎರಡನೆಯದು ಚರ್ಮದ ಬಣ್ಣ.

ವಾಕರಿಕೆ

ಅಡ್ಡಪರಿಣಾಮದಿಂದ ಔಷಧ ಬಿಡುವವರಲ್ಲಿ ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ಪರೀಕ್ಷೆಗಳಲ್ಲಿ ನೂರಕ್ಕೆ 40 ಮಂದಿಗೆ ವಾಕರಿಕೆ ಬಂದಿತ್ತು. 13 ಮಂದಿಗೆ ವಾಂತಿ ತಡೆಯುವ ಔಷಧ ಬೇಕಾಯಿತು, 8 ಮಂದಿ ಇದೇ ಕಾರಣಕ್ಕೆ ನಿಲ್ಲಿಸಿದರು. ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು: ಮೊದಲ ಡೋಸ್ ಆದಮೇಲೆ ವಾಕರಿಕೆ ಬಂದವರು ನೂರಕ್ಕೆ 21, ನಂತರದ ಡೋಸ್‌ಗಳಲ್ಲಿ ಅದು ಸುಮಾರು 3ಕ್ಕೆ ಇಳಿಯಿತು. ಮೊದಲ ಸಲ ಕಷ್ಟವಾಯಿತೆಂದು ಪ್ರತಿ ಸಲವೂ ಹಾಗೇ ಆಗುತ್ತದೆ ಎಂದುಕೊಳ್ಳಬೇಕಿಲ್ಲ.

ಸಾಮಾನ್ಯವಾಗಿ ಚುಚ್ಚಿಕೊಂಡ ಒಂದು ಗಂಟೆಯೊಳಗೆ ಶುರುವಾಗಿ ಸುಮಾರು ಎರಡು ಗಂಟೆ ಇರುತ್ತದೆ. ತೊಡಕು ಇರುವುದು ಇಲ್ಲೇ. ಮಿಲನಕ್ಕೆ ಕನಿಷ್ಠ 45 ನಿಮಿಷ ಮೊದಲು ಚುಚ್ಚಿಕೊಳ್ಳಿ ಎಂದು ಸೂಚನೆ ಹೇಳುತ್ತದೆ, ಹೊಟ್ಟೆ ತೊಳಸುವುದೂ ಅದೇ ಹೊತ್ತಿಗೆ. ಆದರೆ 'ಕನಿಷ್ಠ' ಎಂಬ ಮಾತನ್ನು ಬಹಳ ಜನ ಓದದೆ ದಾಟಿಬಿಡುತ್ತಾರೆ. 45 ನಿಮಿಷ ಎಂಬುದು ಗುರಿಯಲ್ಲ, ಕೆಳಗಿನ ಮಿತಿ. ವಾಕರಿಕೆ ಮತ್ತು ಆಸಕ್ತಿ ತಮ್ಮ ಮೈಯಲ್ಲಿ ಹೇಗೆ ಬಂದು ಹೋಗುತ್ತವೆ ಎಂದು ನೋಡಿಕೊಂಡು ಸಮಯ ಹೊಂದಿಸಿಕೊಳ್ಳಲು ಔಷಧದ ಅಧಿಕೃತ ಸೂಚನೆಯೇ ಅವಕಾಶ ಕೊಟ್ಟಿದೆ. ವಾಕರಿಕೆ ಬರುವವರು ಎರಡು ಮೂರು ಗಂಟೆ ಮುಂಚೆ ಚುಚ್ಚಿಕೊಂಡು, ಅದು ಇಳಿಯುವವರೆಗೆ ಆರಾಮಾಗಿ ಇದ್ದು ನೋಡಬಹುದು. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಮಾಡಿ ನೋಡಬೇಕಾದ ಬದಲಾವಣೆ ಇದು, ಯಾಕೆಂದರೆ ಇನ್ನೊಂದು ಮಾತ್ರೆ ನುಂಗಬೇಕಿಲ್ಲ.

ಊಟದ ವಿಷಯ. ಈ ಔಷಧ ಹೊಟ್ಟೆ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ. ಎಣ್ಣೆ ಜಿಡ್ಡಿನ ಭಾರಿ ಊಟ ಮುಗಿಸಿ ಚುಚ್ಚಿಕೊಂಡರೆ ಅದು ಹೊಟ್ಟೆಯಲ್ಲೇ ಕೂತು ಕಾಡುತ್ತದೆ. ಒಂದೆರಡು ಗಂಟೆ ಮೊದಲು ಹಗುರವಾಗಿ ತಿನ್ನಿ, ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ವಾಕರಿಕೆ ಶುರುವಾದರೆ ಅಂಗಾತ ಮಲಗದೆ ತಲೆ ಎತ್ತರಿಸಿ ಒರಗಿಕೊಳ್ಳಿ.

ವಾಂತಿ ತಡೆಯುವ ಮಾತ್ರೆ ಬೇಕೆನಿಸಿದರೆ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಬರೆದುಕೊಡುವುದು ಆಂಡಾನ್‌ಸೆಟ್ರಾನ್. ಅದನ್ನು ಇಂಜೆಕ್ಷನ್‌ಗೆ ಮೊದಲೇ, ಅರ್ಧ ಗಂಟೆಯಾದರೂ ಮುಂಚೆ ತೆಗೆದುಕೊಳ್ಳುವುದರಲ್ಲಿ ಅರ್ಥವಿದೆ. ಹೊಟ್ಟೆ ನಿಧಾನವಾದ ಮೇಲೆ ನುಂಗಿದ ಮಾತ್ರೆ ರಕ್ತಕ್ಕೆ ತಲುಪುವುದೂ ತಡವಾಗುತ್ತದೆ. ಹೃದಯ ಬಡಿತದ ಲಯದಲ್ಲಿ ತೊಂದರೆ ಇರುವವರು, ಇಸಿಜಿಯಲ್ಲಿ ಕ್ಯೂಟಿ ಅವಧಿ ಉದ್ದವಿದೆ ಎಂದು ಹೇಳಿಸಿಕೊಂಡವರು ಅದನ್ನು ಮುಚ್ಚಿಡಬಾರದು. ಆಂಡಾನ್‌ಸೆಟ್ರಾನ್‌ನಿಂದಲೂ ತಲೆನೋವು ಬರುತ್ತದೆ. ಹಾಗಾಗಿ ಮರುದಿನ ತಲೆ ನೊಂದರೆ ತಪ್ಪು ಯಾವುದರದ್ದು ಎಂದು ತಿಳಿಯಲು, ಮಾತ್ರೆ ತೆಗೆದುಕೊಂಡ ದಿನ ಯಾವುದು, ಇಲ್ಲದ ದಿನ ಯಾವುದು ಎಂದು ಬರೆದಿಡಿ.

ವಾಂತಿಯೇ ಆಯಿತೆನ್ನಿ. ಇನ್ನೊಂದು ಡೋಸ್ ಚುಚ್ಚಿಕೊಳ್ಳಬೇಡಿ. ಔಷಧ ಹೋಗಿರುವುದು ಚರ್ಮದಡಿಗೆ, ಹೊಟ್ಟೆಗಲ್ಲ, ವಾಂತಿಯಲ್ಲಿ ಅದು ಹೊರಬರುವುದಿಲ್ಲ. ಹೊರಬರಬಹುದಾದದ್ದು ಅದಕ್ಕೆ ಮೊದಲು ನುಂಗಿದ ಮಾತ್ರೆಗಳು. ಗರ್ಭನಿರೋಧಕ ಮಾತ್ರೆ ನುಂಗಿ ಮೂರು ನಾಲ್ಕು ಗಂಟೆಯೊಳಗೆ ವಾಂತಿಯಾದರೆ ಆ ಮಾತ್ರೆಯ ಪ್ಯಾಕೆಟ್‌ನಲ್ಲಿ ಹೇಳಿದಂತೆ ನಡೆದುಕೊಳ್ಳಿ. ಈ ಔಷಧ ಬಳಸುವಾಗ ಗರ್ಭನಿರೋಧಕ ಬೇಕೇ ಬೇಕು. ಗರ್ಭಿಣಿ ಎಂಬ ಅನುಮಾನ ಬಂದರೂ ನಿಲ್ಲಿಸಬೇಕು.

ಮುಖ ಕೆಂಪೇರುವುದು, ತಲೆನೋವು, ಮೂಗು ಕಟ್ಟುವುದು

ಐವರಲ್ಲಿ ಒಬ್ಬರಿಗೆ ಮುಖ, ಕತ್ತು, ಎದೆ ಬಿಸಿಯಾಗಿ ಕೆಂಪೇರುತ್ತದೆ. ಸಡಿಲ ಬಟ್ಟೆ, ತಣ್ಣಗಿನ ಕೋಣೆ ಸಾಕು. ಆ ಹೊತ್ತಿನಲ್ಲಿ ಬಿಸಿನೀರಿನ ಸ್ನಾನ ಬೇಡ. ಮದ್ಯವನ್ನೂ ಮೊದಲ ಕೆಲವು ಡೋಸ್‌ಗಳಲ್ಲಿ ದೂರವಿಡಿ. ಮದ್ಯಕ್ಕೂ ಈ ಔಷಧಕ್ಕೂ ದೊಡ್ಡ ಜಗಳವಿಲ್ಲದಿದ್ದರೂ ವಾಕರಿಕೆ ಮತ್ತು ಕೆಂಪು ಎಲ್ಲಿಂದ ಬಂತೆಂದು ಆಮೇಲೆ ಗೊತ್ತಾಗುವುದಿಲ್ಲ. ಕೆಂಪಿನ ಜೊತೆ ದದ್ದು ಎದ್ದು ತುಟಿ ಊದಿಕೊಂಡರೆ, ಉಸಿರಾಡಲು ಕಷ್ಟವಾದರೆ ಅದು ಅಲರ್ಜಿ. ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಬಿಪಿಯನ್ನು ಏರಿಸಬಲ್ಲವು, ಬಿಪಿ ಹೇಗೂ ಸ್ವಲ್ಪ ಏರುವ ದಿನ ಅವನ್ನು ಸೇರಿಸದಿರುವುದು ಜಾಣತನ. ಮೂಗು ಕಟ್ಟಿದರೂ ಅದೇ ಲೆಕ್ಕ: ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ ಬೇಡ, ಉಪ್ಪುನೀರಿನ ಸ್ಪ್ರೇ ಸಾಕು.

ಬಿಪಿ

ಪ್ರತಿ ಡೋಸ್ ಆದಮೇಲೂ ಮೇಲಿನ ಅಂಕಿ 6ರವರೆಗೆ, ಕೆಳಗಿನದು 3ರವರೆಗೆ ಏರಬಹುದು, ನಾಡಿ ಬಡಿತ ನಿಮಿಷಕ್ಕೆ 5ರವರೆಗೆ ಇಳಿಯಬಹುದು. ಎರಡರಿಂದ ನಾಲ್ಕು ಗಂಟೆಯ ನಡುವೆ ಬಿಪಿ ತುದಿ ಮುಟ್ಟಿ, ಸಾಮಾನ್ಯವಾಗಿ 12 ಗಂಟೆಯೊಳಗೆ ಹಿಂದಿನ ಮಟ್ಟಕ್ಕೆ ಬರುತ್ತದೆ. ಮೊದಲೆರಡು ಡೋಸ್‌ಗಳಲ್ಲಿ ಚುಚ್ಚಿಕೊಳ್ಳುವ ಮೊದಲೊಮ್ಮೆ, ಮೂರು ಗಂಟೆಯ ಮೇಲೊಮ್ಮೆ ಅಳೆದು ಬರೆದಿಡಿ. ಐದು ನಿಮಿಷ ಕೂತು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು ಅಳೆಯದಿದ್ದರೆ 6ರ ವ್ಯತ್ಯಾಸ ಯಂತ್ರದ ತಪ್ಪಿನಲ್ಲೇ ಮುಳುಗಿಹೋಗುತ್ತದೆ. ಎದೆನೋವು, ದೃಷ್ಟಿ ಮಂಜಾಗುವುದು, ಸಹಿಸಲಾಗದ ತಲೆನೋವು ಬಂದರೆ ಅಂಕಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಿ.

ಚರ್ಮ ಕಪ್ಪಾಗುವುದು

ಮೆದುಳಿನಲ್ಲಿ ಕೆಲಸ ಮಾಡುವ ಈ ಔಷಧ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೆಲನೋಕಾರ್ಟಿನ್ ಗ್ರಾಹಕಗಳನ್ನೂ (ಔಷಧ ಅಂಟಿಕೊಂಡು ಕೆಲಸ ಶುರು ಮಾಡುವ ತಾಣಗಳನ್ನೂ) ತಟ್ಟುತ್ತದೆ. ಮುಖ, ವಸಡು, ಸ್ತನದ ಮೇಲೆ ಕಪ್ಪು ಕಲೆ ಮೂಡಬಹುದು. ತಿಂಗಳಿಗೆ ಎಂಟರೊಳಗೆ ನಿಂತವರಲ್ಲಿ ಇದು ನೂರಕ್ಕೆ ಒಬ್ಬರಿಗೆ, ಸತತ ಎಂಟು ದಿನ ಪ್ರತಿದಿನ ಕೊಟ್ಟಾಗ ನೂರಕ್ಕೆ 38 ಮಂದಿಗೆ ಬಂದಿತ್ತು. ಮೈಬಣ್ಣ ಗಾಢವಿದ್ದವರಿಗೆ ಸಾಧ್ಯತೆ ಹೆಚ್ಚು. ನಿಲ್ಲಿಸಿದ ಮೇಲೆ ಎಲ್ಲರಿಗೂ ಕಲೆ ಮಾಯವಾಗುತ್ತದೆ ಎಂಬ ಖಾತ್ರಿಯಿಲ್ಲ.

ಶುರು ಮಾಡುವ ಮುನ್ನ ಕಿಟಕಿ ಬೆಳಕಿನಲ್ಲಿ ಮುಖದ, ತುಟಿ ಎತ್ತಿ ಹಿಡಿದು ವಸಡಿನ ಫೋಟೊ ತೆಗೆದಿಡಿ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕಿನಲ್ಲಿ ಮತ್ತೆ ತೆಗೆದು ಹೋಲಿಸಿ. ದಿನವೂ ಕನ್ನಡಿ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಕಾಣುವುದಿಲ್ಲ. ಹೊಸ ಕಲೆ ಕಂಡರೆ ಮುಂದಿನ ಡೋಸ್‌ಗೆ ಮೊದಲು ವೈದ್ಯರಿಗೆ ತೋರಿಸಿ.

ಚುಚ್ಚಿದ ಜಾಗ

ಹೊಕ್ಕುಳ ಸುತ್ತ ಐದು ಸೆಂಟಿಮೀಟರ್ ಬಿಡಿ. ಕಲೆ, ಗಾಯ, ಮೂಗೇಟು ಇರುವಲ್ಲಿ, ಬಟ್ಟೆಯ ಮೇಲಿಂದ ಚುಚ್ಚಬೇಡಿ. ಸ್ಪಿರಿಟ್ ಒರೆಸಿ ಪೂರ್ತಿ ಒಣಗಲು ಬಿಡಿ, ಹಸಿ ಇದ್ದರೆ ಉರಿ ಅದರದ್ದೇ. ಪೆನ್ನನ್ನು ಬೇಗ ಎತ್ತಿದರೆ ದ್ರವ ಹೊರಗೆ ಸುರಿದು ಡೋಸ್ ಅರ್ಧವಾಗುತ್ತದೆ. ಉಳಿದರ್ಧಕ್ಕೆಂದು ಇನ್ನೊಂದು ಪೆನ್ ತೆರೆಯಬೇಡಿ. ಆಮೇಲೆ ಉಜ್ಜಬೇಡಿ, ಹತ್ತಿಯಿಂದ ಒತ್ತಿ ಹಿಡಿದರೆ ಸಾಕು. ಪ್ರತಿ ಸಲ ಜಾಗ ಬದಲಿಸಿ.

ಬೇರೆ ಮಾತ್ರೆಗಳು

ಮದ್ಯ ಅಥವಾ ಓಪಿಯಾಯ್ಡ್ (ಅಫೀಮು ಜಾತಿಯ ವಸ್ತು) ಚಟ ಬಿಡಿಸಲು ನಾಲ್ಟ್ರೆಕ್ಸೋನ್ ಮಾತ್ರೆ ನುಂಗುವವರು ಇದನ್ನು ಬಳಸಬಾರದು, ಮಾತ್ರೆಯ ಮಟ್ಟ ತೀರಾ ಇಳಿದು ಚಿಕಿತ್ಸೆಯೇ ಕೆಡಬಹುದು. ಹೊಟ್ಟೆ ನಿಧಾನವಾಗುವುದರಿಂದ, ನುಂಗುವ ಆಂಟಿಬಯೋಟಿಕ್ ಕೋರ್ಸ್ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಇಂಜೆಕ್ಷನ್ ಮುಂದೂಡಿ.

ಪಿಟಿ-141 ಎಂಬ ಹೆಸರಿನಲ್ಲಿ ಇದೇ ವಸ್ತುವಿನ ಪುಡಿಯನ್ನು ಸೀಸೆಯಲ್ಲಿ ಮಾರುವವರಿದ್ದಾರೆ. ಒಳಗೆ ಎಷ್ಟಿದೆ, ಶುದ್ಧವೇ ಎಂದು ಮನೆಯಲ್ಲಿ ತಿಳಿಯುವ ದಾರಿ ಇಲ್ಲ, ನೀರು ಬೆರೆಸುವ ಲೆಕ್ಕದಲ್ಲಿ ಒಂದು ದಶಮಾಂಶ ತಪ್ಪಿದರೆ ಡೋಸ್ ಹತ್ತು ಪಟ್ಟಾಗುತ್ತದೆ. ಮೇಲೆ ಹೇಳಿದ ಅಂಕಿಗಳು ಯಾವುವೂ ಅದಕ್ಕೆ ಅನ್ವಯಿಸವು.

ಎಂಟು ವಾರ ಕಳೆದರೂ ಆಸಕ್ತಿಯಲ್ಲಿ ಬದಲಾವಣೆ ಕಾಣದಿದ್ದರೆ ನಿಲ್ಲಿಸಬೇಕು. ವೈದ್ಯರ ಬಳಿ ಹೋಗುವಾಗ ಡೋಸ್‌ನ ದಿನಾಂಕ, ಚುಚ್ಚಿದ ಹೊತ್ತು, ವಾಕರಿಕೆ ಶುರುವಾಗಿ ಇಳಿದ ಹೊತ್ತು, ಬಿಪಿ ಅಂಕಿ, ವಸಡಿನ ಫೋಟೊ ಎಲ್ಲವೂ ಕೈಯಲ್ಲಿರಲಿ.