ಕಾರವಾರದ ಕಡಲಲ್ಲಿ ಮೀನಿಗೆ ಮನೆ ಕಟ್ಟೋದು ಹೇಗೆ

ಮೀನಿನ ಮನೆ ಅಂದ್ರೆ ಕೃತಕ ಬಂಡೆಸಾಲು, ಮೀನು ಬಂದು ನೆಲೆಸ್ಲಿ ಅಂತ ಕಡಲ ತಳಕ್ಕೆ ನಾವೇ ಇಳಿಸೋದು. ಅದಕ್ಕೆ ಹಳೇ ಟಯರ್ ಒಂದ್ ಲೋಡ್ ಸಮುದ್ರಕ್ಕೆ ಹಾಕಿದ್ರೆ ಮೀನು ಬರಲ್ವಾ ಅಂತ ಕೇಳ್ತಾರೆ. ಬೇಡ ಮಾರಾಯ್ರೆ! ಫ್ಲೋರಿಡಾದಲ್ಲಿ 1970ರ ದಶಕದಲ್ಲಿ ಹೀಗೇ ಸುಮಾರು 20 ಲಕ್ಷ ಟಯರ್ ಇಳಿಸಿದ್ರು, ಕಟ್ಟು ಬಿಚ್ಚಿಕೊಂಡು ಪಕ್ಕದ ಹವಳಕ್ಕೇ ಬಡಿದು ಹಾಳು ಮಾಡಿದ್ವು, ಆಮೇಲೆ ಡೈವರ್‌ಗಳು ಇಳಿದು ಎತ್ತಬೇಕಾಯ್ತು.

ಕಾಂಕ್ರೀಟ್ ಬ್ಲಾಕೇ ಸೈ. ತ್ರಿಕೋನದ್ದೋ ಬಾವಿ ರಿಂಗ್ ತರದ್ದೋ, ಮೈತುಂಬಾ ತೂತಿರ್ಲಿ, ಮರಿ ಮೀನು ಅಡಗೋಕೆ.

ಪರ್ಮಿಷನ್ ಇಲ್ದೇ ಕೈ ಹಾಕ್ಬೇಡಿ, ಇಲ್ಲಿ ನೇವಿ ಬೇಸ್ ಬೇರೆ ಇದೆ. ಮೀನುಗಾರಿಕೆ ಇಲಾಖೆಗೆ ಹೋಗಿ, ಕಾರವಾರದಲ್ಲೇ ಇರೋ ಸಿಎಂಎಫ್‌ಆರ್‌ಐ (ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರದವರನ್ನೂ ಕೇಳಿ.

ಜಾಗ ನೋಡೋದೇ ದೊಡ್ಡ ಕೆಲಸ. ಕಾಳಿ ನದಿ ಬಾಯಲ್ಲಿ ರಾಡಿ ಜಾಸ್ತಿ, ಬ್ಲಾಕ್ ಹೂತೇ ಹೋಗತ್ತೆ. ಸೀಸದ ಗುಂಡಿನ ತಳಕ್ಕೆ ಗ್ರೀಸ್ ಮೆತ್ತಿ ಹಗ್ಗ ಕಟ್ಟಿ ಇಳಿಸಿ, ಎತ್ತಿದಾಗ ಗಟ್ಟಿ ಮರಳು ಅಂಟಿದ್ರೆ ಓಕೆ, ಕಪ್ಪು ರಾಡಿ ಬಂದ್ರೆ ದೋಣಿ ಮುಂದೆ ಬಿಡಿ.

ಮಳೆಗಾಲ ಮುಗಿದು ಕಡಲು ತಣ್ಣಗಾದ್ಮೇಲೆ ಕ್ರೇನ್ ಇರೋ ಬಾರ್ಜಲ್ಲಿ ಇಳಿಸಿ, ಜಿಪಿಎಸ್ ಪಾಯಿಂಟ್ ಬರೆದು ಟ್ರಾಲರ್‌ನವ್ರಿಗೆಲ್ಲ ಕೊಡಿ, ಇಲ್ಲಾಂದ್ರೆ ಬಲೆ ಸಿಕ್ಕಿ ಹರಿದು ಜಗಳ ಗ್ಯಾರಂಟಿ. ಮೊದಲು ಬ್ಲಾಕಿಗೆ ಪಾಚಿ, ನೀಲಿಕಲ್ಲು ಅನ್ನೋ ಚಿಪ್ಪುಜೀವಿ ಅಂಟ್ಕೊಳತ್ತೆ, ಸಣ್ಣ ಮೀನು ಬರತ್ತೆ, ಅದನ್ನ ತಿನ್ನೋಕೆ ಹಿಂದೆ ಬಂಡೆ ಸಂದಿಯ ಮುರು ಮೀನು. ಬಂದ ತಕ್ಷಣ ಬಲೆ ಬಿಡೋದಲ್ಲ ಮತ್ತೆ, ಮೊದಲೊಂದೆರಡು ವರ್ಷ ಸುಮ್ನಿರಿ, ಆಮೇಲೂ ಗಾಳ ಸಾಕು.